ಕಾಲಿನ ಬಣ್ಣ

ತಾಲೂಕು ಕಚೇರಿಯಲ್ಲಿ ನನ್ನದು ತರ್ಜುಮೆಯ ಕೆಲಸ.
ಮಲಯಾಳದ ನೋಟೀಸು ಕನ್ನಡಕ್ಕೆ, ಕನ್ನಡದ ತಕರಾರು ಮಲಯಾಳಕ್ಕೆ.
ಎರಡು ಲಿಪಿಯಲ್ಲಿ ಇಬ್ಬರಾಗಿ ಹೋದವರನ್ನು
ಮತ್ತೆ ಒಬ್ಬರಾಗಿಸುವುದು.

ಎರಡನೇ ಶನಿವಾರ ಮಾತ್ರ ರಾಣಿಪುರದ ಕಾಡು.

ಕಾವಲುಗಾರ ಅಂಬಾಡಿ ಬೆರಳೆತ್ತಿ ನಿಂತ.
ನಾನೂ ನಿಂತೆ. ಮಂಜು ನಿಲ್ಲಲಿಲ್ಲ.
ಪಾಚಿ ಹಿಡಿದ ಕೊಂಬೆಯ ತುದಿಯಲ್ಲಿ
ಬೆಂಕಿಪೆಟ್ಟಿಗೆಯಷ್ಟು ಕಂದು.
ಹಾರಿತು, ಗಾಳಿಯಲ್ಲಿ ಏನನ್ನೋ ಟಕ್ಕೆಂದು ಕಚ್ಚಿತು,
ಅದೇ ಕೊಂಬೆ, ಅದೇ ಗೇಣು, ಮತ್ತೆ ಕೂತಿತು
ಸೀಟಿಗೆ ಕರವಸ್ತ್ರ ಹಾಕಿ
ಚಾ ಕುಡಿಯಲು ಇಳಿದವನಂತೆ.

ನೊಣಹಿಡುಕ. ಅಷ್ಟು ಖಾತ್ರಿ.
ಯಾವುದು?
ಪುಸ್ತಕದಲ್ಲಿ ಇಬ್ಬರು ಅಕ್ಕಪಕ್ಕ:
ಇಬ್ಬರ ಕಣ್ಣಿಗೂ ಬಿಳಿ ಬಳೆ,
ಎದೆ ಒಬ್ಬರದು ತುಸು ಹೆಚ್ಚು ಕಂದು.
ಈ ಬೆಳಕಿನಲ್ಲಿ ಯಾರ ಎದೆ ಕಂದಲ್ಲ?
ಕಾಲು ನೋಡಬೇಕು, ಎನ್ನುತ್ತದೆ ಪುಸ್ತಕ.
ಕಪ್ಪಾದರೆ ಒಂದು, ಮಾಸಲು ಹಳದಿಯಾದರೆ ಇನ್ನೊಂದು.

ಅದೋ ಹೊಟ್ಟೆಯ ಗರಿ ಇಳಿಬಿಟ್ಟು
ಕಾಲುಗಳ ಮೇಲೆಯೇ ಕೂತಿದೆ.

ಇಪ್ಪತ್ತು ನಿಮಿಷ.
ಅಷ್ಟರಲ್ಲಿ ನನ್ನ ಕಾಲಿನ ಗುರುತು
ಒಂದು ಉಂಬುಳಕ್ಕೆ ಸಿಕ್ಕಿತ್ತು.
ಬಗ್ಗುವ ಹಾಗಿಲ್ಲ. ಕುಡಿಯಲಿ.

"ಇದಕ್ಕೇನು ಹೇಳುತ್ತೀರಿ ನೀವು?" ಪಿಸುಗುಟ್ಟಿದೆ.
"ಹೆಸರಿಲ್ಲ ಟೀಚರೇ" (ನಾನು ಟೀಚರಲ್ಲ,
ಹೇಳಿ ಹೇಳಿ ಬಿಟ್ಟಿದ್ದೇನೆ),
"ತುಲಾ ತಿಂಗಳ ಮಳೆಗೆ ಬರುತ್ತದೆ, ವಿಷುವಿನ ಮೊದಲು ಇಲ್ಲ.
ನಿಲ್ಲದವಕ್ಕೆ ಹೆಸರು ಯಾರಿಡುತ್ತಾರೆ?
ನಿಂತದ್ದಕ್ಕೂ ಉಳಿಯಲಿಲ್ಲ. ಈ ಗುಡ್ಡ
ನನ್ನಜ್ಜನಿಗೆ ಮಾಡತ್ತುಮಲೆ.
ಆಮೇಲೆ ಯಾರೋ ರಾಣಿ ಬಂದಳಂತೆ.
ನಾನಂತೂ ನೋಡಿಲ್ಲ."

ಆಗ ಅದಕ್ಕೆ ಕೆನ್ನೆ ತುರಿಸಿತು.
ರೆಕ್ಕೆಯ ಮೇಲಿಂದ ಒಂದು ಕಾಲು ಹೊರಬಂತು,
ಎಳೆ ಹಲಸಿನ ತೊಳೆಯ ಬಣ್ಣ, ಕಡ್ಡಿಯಷ್ಟು,
ಎರಡೇ ಎರಡು ಸಲ ಕೆರೆದು
ಒಳಗೆ ಹೋಯಿತು.

ಕಂದೆದೆಯ ನೊಣಹಿಡುಕ ಎಂದು ಬರೆದೆ.
ಎದೆಯನ್ನು ನಂಬಿ ಅಲ್ಲ.
ಎಲ್ಲಿಂದಲೋ, ಈಶಾನ್ಯದ ಬೆಟ್ಟಗಳಾಚೆಯಿಂದ
ಆ ಕಡ್ಡಿಗಳನ್ನು ಮಡಚಿಕೊಂಡು ಹಾರಿ ಬಂದದ್ದು.
ಅಂಬಾಡಿ ಉಪ್ಪು-ಹೊಗೆಸೊಪ್ಪಿನ ಗಂಟು ಕೊಟ್ಟ.
ರಕ್ತ ಮಾತ್ರ ಬಸ್ಸು ಪಾಣತ್ತಡಿ ದಾಟಿದರೂ
ಜಿನುಗುತ್ತಲೇ ಇತ್ತು.

ಸೋಮವಾರ ಒಬ್ಬ ಮುದುಕ ಬಂದ.
ಒಂದು ಕಾಗದದಲ್ಲಿ ಐತಪ್ಪ, ಒಂದರಲ್ಲಿ ಐತ್ತಪ್ಪನ್.
"ಎರಡೂ ನಾನೇ," ಎಂದು ನಿಂತ.
ಪುರಾವೆ ಕೇಳಬೇಕಿತ್ತು.
ನಾನು ಮೊದಲು ಅವನ ಕಾಲು ನೋಡಿದೆ:
ಚಪ್ಪಲಿ ಬಾಗಿಲ ಹೊರಗೆ,
ಹಿಮ್ಮಡಿಯ ಬಿರುಕಲ್ಲಿ
ಒಣಗಿದ ಕೆಮ್ಮಣ್ಣು.