ಕೊಡೆ

ಸಂಬಳದ ಚೀಟಿ ಈಗ ಮೊಬೈಲಿಗೇ ಬರುವುದು,
ತಿಂಗಳ ಏಳಕ್ಕೆ, ಕೆಲವೊಮ್ಮೆ ಹತ್ತಕ್ಕೆ.
ದೇರಳಕಟ್ಟೆಯ ಆಸ್ಪತ್ರೆಯ ಲಾಂಡ್ರಿಯೊಳಗೆ ನೆಟ್‌ವರ್ಕ್ ಇಲ್ಲ;
ಹೊರಗೆ ಆಕ್ಸಿಜನ್ ಸಿಲಿಂಡರುಗಳ ಬದಿಯಲ್ಲಿ
ಮೂವರೂ ಒಂದೇ ಮೊಬೈಲಿಗೆ ಬಗ್ಗಿದೆವು.

ಪಿ.ಎಫ್. ಸರಿ. ಇ.ಎಸ್.ಐ. ಸರಿ.
ಕೆಳಗೆ ಇನ್ನೊಮ್ಮೆ ಪಿ.ಎಫ್.,
ಅದು ಧನಿಗಳ ಪಾಲಂತೆ, ಅದೂ ನನ್ನದರಿಂದಲೇ.
ಅದರಡಿಯಲ್ಲಿ ಒಂದು ಹೊಸ ಸಾಲು:
ಪೇರೋಲ್ ನಿರ್ವಹಣಾ ಶುಲ್ಕ, ಮುನ್ನೂರ ಎಂಬತ್ತೈದು.

"ಎಂಥದಿದು ಹರಿಣಾಕ್ಷಿ?" ಕೇಳಿದಳು ಬೆನೆಡಿಕ್ಟಾ.
ನಾನು ಪಿಯುಸಿ ಪಾಸು, ಅದಕ್ಕೆ ನನ್ನನ್ನೇ ಕೇಳುವುದು.
"ನಮಗೆ ಸಂಬಳ ಕೊಟ್ಟದ್ದಕ್ಕೆ
ನಾವು ಕೊಡುವ ಸಂಬಳ ಮಾರಾಯ್ತಿ" ಅಂದೆ.
ನಗಬೇಕಿತ್ತು. ಯಾರೂ ನಗಲಿಲ್ಲ.
ನಫೀಸಾ ಮಾತ್ರ ಬೆರಳು ಮಡಚಿ ಮಡಚಿ
ಎಂಟು ಕಿಲೋ ಕುಚ್ಚಲಕ್ಕಿ ಅಂದಳು.

ಆಸ್ಪತ್ರೆಯ ಎಚ್.ಆರ್. ಹೇಳಿದರು: ನೀವು ನಮ್ಮವರಲ್ಲ.
ಹನ್ನೊಂದು ವರ್ಷ ಅವರ ರೋಗಿಗಳ ರಕ್ತವನ್ನು
ಮೊದಲು ತಣ್ಣೀರಿನಲ್ಲಿ, ಆಮೇಲೆ ಬಿಸಿಯಲ್ಲಿ
(ಬಿಸಿ ಮೊದಲು ಬಿದ್ದರೆ ಕಲೆ ಕೂತುಬಿಡುತ್ತದೆ)
ತೊಳೆದ ನಾನು ಹಾಗಾದರೆ ಯಾರವಳು?
ಏಜೆನ್ಸಿಯಲ್ಲಿ ಕೇಳಿ.
ಏಜೆನ್ಸಿಯವರು: ಜನವರಿಯಿಂದ ನಿಮ್ಮ ಹೆಸರು ನಮ್ಮಲ್ಲಿಲ್ಲ,
ಬೇರೆ ಕಂಪೆನಿಗೆ ಹಾಕಿದ್ದೇವೆ, ನೀವೇ ಸಹಿ ಹಾಕಿದ್ದೀರಲ್ಲ.
ಹಾಕಿದ್ದೆ. ಗೇಟಿನ ಹತ್ತಿರ, ಬಸ್ಸು ಹಾರ್ನ್ ಹೊಡೆಯುವಾಗ,
ನಫೀಸಾಳ ಬೆನ್ನ ಮೇಲೆ ಕಾಗದ ಇಟ್ಟು.

ವಾರದ ರಜೆಯಲ್ಲಿ ನೇತ್ರಾವತಿ ದಾಟಿ ಹಂಪನಕಟ್ಟೆಗೆ ಹೋದೆ.
ಚಪ್ಪಲಿ ಅಂಗಡಿಯ ಮೇಲೆ, ಮೂರನೇ ಮಾಳಿಗೆ.
ಬಾಗಿಲಲ್ಲಿ ಆರು ಕಂಪೆನಿಗಳ ಬೋರ್ಡು,
ಒಳಗೆ ಒಂದು ಮೇಜು, ಒಬ್ಬ ಹುಡುಗ,
ಅರ್ಧ ಕಚ್ಚಿದ ಗೋಳಿಬಜೆ.
ಒಳ್ಳೆಯ ಹುಡುಗ, ಕೂತ್ಕೊಳ್ಳಿ ಅಕ್ಕಾ ಅಂದ.
"ನಮ್ಮದು ಕೊಡೆ ಇದ್ದ ಹಾಗೆ.
ಪಿ.ಎಫ್., ವಿಮೆ, ರಜೆ, ಎಲ್ಲ ಅದರಡಿಯಲ್ಲಿ.
ಕೊಡೆಗೊಂದು ಬಾಡಿಗೆ ಬೇಡವಾ?"
ನಿನ್ನ ಸಂಬಳ ಯಾರು ಕೊಡುವುದೆಂದು ಕೇಳಿದೆ.
ಬೋರ್ಡುಗಳ ಕಡೆ ನೋಡಿದ.
ಅವನ ಚೀಟಿಯಲ್ಲೂ ಆ ಸಾಲು ಉಂಟು. ಅವನದು ಇನ್ನೂರ ಹತ್ತು.

ಅಮ್ಮನ ಕಾಲದಲ್ಲಿ ಬೀಡಿ ಬ್ರಾಂಚಿನವನು
ಕಟ್ಟಿನಿಂದ ಹತ್ತು ಬೀಡಿ ಎಳೆದು ಬದಿಗಿಡುತ್ತಿದ್ದ,
ಕಣ್ಣೆದುರಿಗೇ. ಅವನ ಉಗುರಿನ ಕೊಳೆಯೂ ಕಾಣುತ್ತಿತ್ತು.
ಅಮ್ಮ ಬೈಯುತ್ತಿದ್ದಳು,
ಬೈಯಲಿಕ್ಕೆ ಒಂದು ಮುಖವಾದರೂ ಇತ್ತು.

ಕೆಳಗೆ ಮೆಟ್ಟಲಿನ ಸಂದಿಯಲ್ಲಿ ಮೊಯ್ದಿನಬ್ಬ ಕೂರುತ್ತಾರೆ,
ಜೂನಿನಿಂದ ಕೊಡೆ ರಿಪೇರಿ, ದೀಪಾವಳಿ ಕಳೆದ ಮೇಲೆ ಬೀಗದ ಕೈ.
ನನ್ನದರ ಎರಡು ಕಡ್ಡಿ ಮುರಿದಿತ್ತು.
ಮುರಿದದ್ದನ್ನು ಬಿಚ್ಚಿ ನನ್ನ ಅಂಗೈಯಲ್ಲಿಟ್ಟರು,
ಹೊಸದನ್ನು ಹೊಲಿದು, ಬಿಡಿಸಿ, ಮಡಚಿ,
ನೀವೂ ಒಮ್ಮೆ ಬಿಡಿಸಿ ನೋಡಿ ಅಂದರು.
ನಲ್ವತ್ತು ಅಂದರು.
ಚೌಕಾಸಿಗೆ ಬಾಯಿ ಬರಲಿಲ್ಲ.

ಬಸ್ಸಿನಲ್ಲಿ ಸೆವ್ರಿನ್ ಟೀಚರ್ ನೆನಪಾದರು.
ಎಂಟನೇ ಕ್ಲಾಸಿನ ವ್ಯಾಕರಣ, ಕರಿಹಲಗೆಯ ಮೇಲೆ
ಬಾರೆ, ಮಾಡೆ, ಕೊಡೆ.
ಬರುವುದಿಲ್ಲ, ಮಾಡುವುದಿಲ್ಲ, ಕೊಡುವುದಿಲ್ಲ.
ಹೀಗೆ ಯಾರೂ ಮಾತಾಡುವುದಿಲ್ಲ, ಪರೀಕ್ಷೆಗೆ ಮಾತ್ರ.
ಕೊಡೆ ಎಂದರೆ ಛತ್ರಿ ಎಂದು ಬರೆದು
ನಾನೊಂದು ಅಂಕ ಕಳೆದುಕೊಂಡಿದ್ದೆ.

ಸೋಮವಾರ ಗೇಟಿನಲ್ಲಿ ಮತ್ತೆ ಕಾಗದ,
ಶುಲ್ಕ ನಾನೂರ ಹತ್ತು, ಒಪ್ಪಿದ್ದೇನೆ ಎಂದು.
ಬೆನೆಡಿಕ್ಟಾ ಪೆನ್ನು ಕೊಟ್ಟಳು.
ನಫೀಸಾ ತಾನಾಗಿ ಬೆನ್ನು ಬಗ್ಗಿಸಿದಳು.
ಸಹಿಯ ಜಾಗದಲ್ಲಿ ಎರಡಕ್ಷರ ಬರೆದೆ,
ನಿಧಾನಕ್ಕೆ, ದುಂಡಗೆ.

ಸೂಪರ್‌ವೈಸರ್ ಓದಿದ. ಮೇಲೆ ನೋಡಿದ.
"ಮಳೆ ಇಲ್ಲವಲ್ಲ" ಅಂದ.