ಓ ಎಂದವರು ಇಬ್ಬರು

ಗ್ರಿಮ್ಸ್‌ಬಿಯ ಫ್ರೀಮನ್ ಬೀದಿ, ಬೆಳಗಿನ ಆರೂವರೆ.
ಮೀನಿನ ಲಾರಿ ಸುರಿಸಿದ ನೀರು ರಸ್ತೆಯ ಮೇಲಿನ್ನೂ ಹಸಿ.
ವೆಂಡಿ ಓಲ್ಡ್‌ರಾಯ್ಡ್ ಫೋನಿಗೆ ಹೆಬ್ಬೆಟ್ಟು ಒತ್ತುತ್ತಾಳೆ,
ಒಂದೇ ಸಲ.
ಅಷ್ಟಕ್ಕೇ ತೆರೆದುಕೊಳ್ಳುತ್ತವೆ ಪಾಳಿಯ ಪಟ್ಟಿ, ಮಾತ್ರೆಯ ಲೆಕ್ಕ,
ಪೆಟ್ರೋಲಿನ ಬಿಲ್ಲು, ಮತ್ತೆ
ಹದಿನೇಳು ಮನೆಗಳ ಹೊರಗೋಡೆಗೆ ಜಡಿದ
ಕೀಲಿಪೆಟ್ಟಿಗೆಗಳ ನಾಲ್ಕಂಕಿ.

ಹಾಸಿಗೆ ಬಿಟ್ಟೇಳಲಾರದವರ ಮನೆಗಳವು.
ಯಾರೆಂದು ಇಣುಕಿ ನೋಡಲು ಒಳಗಿನವರು ಬರಲಾರರು;
ಬಾಗಿಲೇ ಅವರ ಪರವಾಗಿ ನಂಬಬೇಕು.

ಸಂಬಳಕ್ಕೆ ಕಳ್ಳಿಯಾಗುವುದು ನನ್ನ ಕೆಲಸ.
ಟೆಸ್ಟರ್ ಎಂದು ಬರೆದಿದೆ ಕೊರಳಪಟ್ಟಿಯಲ್ಲಿ.
ಲಾಂಡ್ರಿಯ ಮೇಲಿನ ಕೋಣೆಯಲ್ಲಿ ಕೂತು
ಒಂದು ಟಾರ್ಚ್ ಆ್ಯಪ್ ಕಟ್ಟಿದೆ. ಬೆಳಕು ಕೊಡುತ್ತಿತ್ತು, ಸುಳ್ಳಲ್ಲ.
ಅದರ ಹೊಟ್ಟೆಯೊಳಗೆ
ವೆಂಡಿಯ ಆ್ಯಪಿನ ಹೆಸರನ್ನೇ ಇಟ್ಟೆ.

ಲಾಗಿನ್ ಮುಗಿಯಿತು. ದೂರದ ಸರ್ವರ್ ಚೀಟಿ ಕಳಿಸಿತು.
ಫೋನು ಹೊಸ್ತಿಲಲ್ಲಿ ನಿಂತು ಹೆಸರು ಹಿಡಿದು ಕೂಗಿತು.
ಓ ಎಂದವರು ಇಬ್ಬರು.
ಚೀಟಿ ನನ್ನ ಕೈಗೆ ಬಂತು.

ಬಾಗಿಲ ಮೇಲೆ ಸುಣ್ಣದಲ್ಲಿ "ನಾಳೆ ಬಾ" ಎಂದು ಬರೆದು ಮಲಗುತ್ತಿದ್ದ
ಕೇರಿಯಿಂದ ಬಂದವಳು ನಾನು.
ಗುರುತಿನ ದನಿಯಲ್ಲೇ ಅದು ಕರೆಯುತ್ತದೆ, ಅನ್ನುತ್ತಿದ್ದಳು ದೊಡ್ಡಮ್ಮ,
ಮೊದಲ ಕರೆಗೆ ಓಗೊಡಬೇಡ.
ಈ ಸಲ ಕರೆದದ್ದು ಮನೆ.
ಓಗೊಟ್ಟದ್ದು ನಾನು.

ತೆರೆಯ ಮೇಲೆ ಸಾಲಾಗಿ ಹದಿನೇಳು ಬಾಗಿಲು.
ಹ್ಯಾಕ್ಸ್‌ಬಿ ಎಂಬುವರ ಹೆಸರಿನ ಮುಂದೆ ಟಿಪ್ಪಣಿ:
"ನಾಯಿ ಇದೆ. ಬೊಗಳುವುದಿಲ್ಲ."
ಲ್ಯಾಪ್‌ಟಾಪ್ ಮುಚ್ಚಿ ಕೆಳಗಿಳಿದು
ಯಾರದೋ ಬಟ್ಟೆ ಗಾಜಿನೊಳಗೆ ಸುತ್ತುವುದನ್ನೇ
ನೋಡುತ್ತ ನಿಂತೆ.

ಮದ್ದು ಹಳೆಯದು, ಚಿಕ್ಕದು:
ಕೇಳಿಕಳಿಸುವಾಗಲೇ ಗುಟ್ಟಿನ ಕಾಗದವೊಂದನ್ನು ಹರಿದು
ಅರ್ಧ ತನ್ನಲ್ಲೇ ಉಳಿಸಿಕೊಳ್ಳುವುದು.
ಚೀಟಿ ಆಮೇಲೆ ಯಾರ ಕೈಗೇ ಸಿಗಲಿ,
ಅಂಚಿಗೆ ಅಂಚು ಕೂಡದೆ ಕೀಲಿ ಇಲ್ಲ.
ಹೆಸರನ್ನು ಯಾರು ಬೇಕಾದರೂ ಇಟ್ಟುಕೊಳ್ಳಬಹುದು,
ಹರಿದ ಅಂಚನ್ನಲ್ಲ.

ಮೂರು ವಾರ ಹಿಡಿಯಿತು. ನನ್ನ ಟಾರ್ಚಿಗೆ ಈಗ
ಚೀಟಿ ಸಿಕ್ಕರೂ ಬರಿಗೈ.

ತರಬೇತಿಯ ದಿನ ವೆಂಡಿಗೆ ಇದನ್ನೆಲ್ಲ ಹೇಳಿದೆ.
ಚಹಾಕ್ಕೆ ಬಿಸ್ಕತ್ತು ಅದ್ದುತ್ತ ಕೇಳಿದಳು.
ಆಮೇಲೆ ಸ್ವೆಟರಿನ ತೋಳು ಸರಿಸಿ
ಮಣಿಕಟ್ಟು ತೋರಿಸಿದಳು:
ನೀಲಿ ಬಾಲ್‌ಪೆನ್ನಿನಲ್ಲಿ ನಾಲ್ಕಂಕಿ.

"ಮಳೆ ಹನಿಸಿದರೆ ನಿನ್ನ ಫೋನು
ನನ್ನ ಹೆಬ್ಬೆಟ್ಟನ್ನೇ ಗುರುತಿಸಲ್ಲ ಕಣೇ.
ಹೆದರಬೇಡ, ಒಂದು ಸಲಕ್ಕೆ ಒಂದೇ ಮನೆಯದು.
ಒಳಗೆ ಹೋದ ಕೂಡಲೇ
ಮೊದಲು ಕೈ ತೊಳೀತೀನಲ್ಲ."