ನೆಲದೊಳಗಿನ ಒಲೆ

ಗೋಡೆಗಳು ಬಿದ್ದವು. ಅದನ್ನು ಎಲ್ಲರೂ ಹೇಳುತ್ತಾರೆ.
ತೋನಿರ್ ಬೀಳಲಿಲ್ಲ; ಅದಕ್ಕೆ ಬೀಳಲು ಜಾಗವೇ ಇರಲಿಲ್ಲ.
ನೆಲದಲ್ಲಿ ಹುಗಿದ ಮಣ್ಣಿನ ಗುಡಾಣ ಅದು,
ನನ್ನ ಅತ್ತೆಯ ಅತ್ತೆ ಕೂಡಿಸಿದ್ದು,
ನಮಗೆಲ್ಲರಿಗಿಂತ ಮೊದಲೇ ತಗ್ಗಿ ಕೂತದ್ದು.

ಡಿಸೆಂಬರಿನ ಆ ಬೆಳಗು ನಾನು ಅದರ ಬಾಯಿಗೆ ಬಾಗಿ
ಹದಿನೇಳನೆಯ ಲವಾಶ್ ರೊಟ್ಟಿ ಬಡಿಯುತ್ತಿದ್ದೆ.
ಎಣಿಕೆ ನೆನಪಿದೆ. ಹೊರಗೆ ಹೇಗೆ ಬಂದೆನೋ
ಅದು ನೆನಪಿಲ್ಲ.
ನಾಜೆಲಿ ಶಾಲೆಗೆ ಹೋಗಿದ್ದಳು,
ಜಡೆ ಬಿಗಿಯಾಯಿತೆಂದು ಮುನಿಸಿಕೊಂಡು.

ಮೂರು ದಿನ ಕಲ್ಲು ಎತ್ತಿದೆವು.
ನಾಲ್ಕನೆಯ ದಿನ ವಾಘಿನಾಕ್ ಅವಳನ್ನು ಎತ್ತಿಕೊಂಡು ಬಂದ.
ಜಡೆ ಬಿಚ್ಚಿರಲಿಲ್ಲ.
ಅಷ್ಟು ಬಿಗಿಯಾಗಿ ಹಾಕಿದ್ದೆ.

ಆಮೇಲೆ ಶಿರಾಕ್ ಬಯಲಿನ ಚಳಿ.
ಸರಕಾರ ಕೊಟ್ಟ ಕಬ್ಬಿಣದ ಡಬ್ಬಿಯಲ್ಲಿ ವಾಸ;
ರಾತ್ರಿ ಉಸಿರು ಒಳಗೋಡೆಗೆ ಅಂಟಿ
ಬೆಳಿಗ್ಗೆ ಹಿಮವಾಗಿರುತ್ತಿತ್ತು, ಗಂಡನದೂ ನನ್ನದೂ ಕೂಡಿ.
ಮಾತಿಗಿಂತ ಅದೇ ಹೆಚ್ಚು ಕೂಡಿತ್ತು.

ಅತ್ತೆಯ ಶಿಲುಬೆಯನ್ನು ಹಾಸಿಗೆಯ ಕೆಳಗೆ
ಮುಖ ಅಡಿಯಾಗಿಸಿ ಇಟ್ಟೆ.
ನೆರೆಯ ಹೆಗ್ನಾರ್ ಬಂದು "ದೇವರ ಚಿತ್ತ" ಅಂದಳು.
ಹಾಗಾದರೆ ಅವನಿಗೆ ಚಿತ್ತಸ್ವಾಸ್ಥ್ಯವಿಲ್ಲ, ಅಂದೆ.
ಅವಳು ಶಿಲುಬೆಯ ಗುರುತು ಹಾಕಿಕೊಂಡಳು.
ಅವಳದೂ ಇಬ್ಬರು ಹೋಗಿದ್ದರು; ನಾನು ಕೇಳಲೇ ಇಲ್ಲ.

ಈಸ್ಟರ್ ಕಳೆದ ವಾರ ಪಾದ್ರಿ ಎಜ್ನಿಕ್ ಬಂದರು.
ಯಾವುದೋ ದೂರದೇಶ ಕಳಿಸಿದ ಹೆಂಗಸರ ಕೋಟು,
ಕೆಂಪು ಗುಂಡಿಗಳು. ನಗು ಬಂತು. ನುಂಗಿದೆ.
"ಅರುಸ್ಯಾಕ್, ನಿನ್ನ ತೋನಿರ್ ಬೇಕು.
ಹೆಗ್ನಾರಳ ಉಳಿದ ಮಗನಿಗೆ ಮದುವೆ.
ಚರ್ಚು ಇಲ್ಲದಲ್ಲಿ ಒಲೆಯ ಮುಂದೆ ಕೈಹಿಡಿಸಬಹುದು,
ಅಜ್ಜಂದಿರ ವಾಡಿಕೆ."
ಕಲ್ಲಿನ ಕೆಳಗಿದೆ, ಅಂದೆ. ಬಾಗಿಲು ಹಾಕಿದೆ.

ಅವರು ಬೈಯಲಿಲ್ಲ, ವಚನ ಹೇಳಲಿಲ್ಲ.
ಕಲ್ಲು ಎತ್ತತೊಡಗಿದರು.
ಕಿಟಕಿಯಿಂದ ನೋಡಿದೆ: ಕೆಲಸ ಗೊತ್ತಿಲ್ಲದ ಕೈ,
ಒಂದು ಗುಂಡಿ ಕಿತ್ತು ಮಂಜಿನಲ್ಲಿ ಬಿತ್ತು.
ಸಂಜೆಯಾಯಿತು. ತಪ್ಪು ಕಲ್ಲಿಗೇ ಕೈ ಹಾಕುತ್ತಿದ್ದರು.
ಸಿಟ್ಟು ಬಂತು. ಸಿಟ್ಟಿಗೇ ಹೊರಗೆ ಹೋದೆ:
ಅದಲ್ಲ, ಮೊದಲು ಬಾಗಿಲ ತಲೆಗಲ್ಲು, ಆಮೇಲೆ ಅದು!

ಇಬ್ಬರೂ ಸೇರಿ ಉರುಳಿಸಿದೆವು.
ಚಪ್ಪಡಿಯೊಂದು ಒಲೆಯ ಬಾಯಿಗೆ ಮುಚ್ಚಳದಂತೆ ಬಿದ್ದು
ಒಳಗೆ ಒಂದು ಹಿಡಿ ಮಣ್ಣೂ ಬಿದ್ದಿರಲಿಲ್ಲ.
ಗೋಡೆಗೆ ಅಂಟಿಕೊಂಡು, ಕಪ್ಪಾಗಿ,
ನನ್ನ ಹದಿನೇಳನೆಯ ರೊಟ್ಟಿ.

ಅಲ್ಲೇ ಕೂತೆ. ಅಳು ಆಗ ಬಂತು,
ನಾಲ್ಕು ತಿಂಗಳು ತಡವಾಗಿ.
ಪಾದ್ರಿ ಎಜ್ನಿಕ್ ಗುಂಡಿ ಹುಡುಕುವ ನೆಪದಲ್ಲಿ
ಬೆನ್ನು ತಿರುಗಿಸಿದರು.
ಬಹಳ ಹೊತ್ತಿನ ಮೇಲೆ, ಮಂಜಿಗೆ ಹೇಳುವಂತೆ:
"ನಂಬಿಕೆ ನನಗೂ ದಿನಾ ಇರುವುದಿಲ್ಲ, ತಾಯಿ.
ಇರದ ದಿನ ಹೀಗೆ ಏನಾದರೂ ಎತ್ತುತ್ತೇನೆ."

ಸೌದೆ ಇರಲಿಲ್ಲ.
ಶಾಲೆಯ ಮುರಿದ ಬೆಂಚುಗಳನ್ನು ತಂದರು.
ವಾಘಿನಾಕ್ ನನ್ನ ಮುಖ ನೋಡಿದ.
ಬೇಡವೆನ್ನಲಿಲ್ಲ ನಾನು.
ಒಂದು ಪಟ್ಟಿಯ ಮೇಲೆ ಯಾರೋ ಮಗು ಕೊರೆದ ಅಕ್ಷರವಿತ್ತು,
ಅದನ್ನು ಮಾತ್ರ ಪಕ್ಕಕ್ಕಿಟ್ಟೆ.

ಹೊಗೆ. ಮತ್ತೆ ಹೊಗೆ. ಆಮೇಲೆ ಬೆಂಕಿ.
ಹುಡುಗಿ ಹೊರಗಿನಿಂದ ಬಂದ ದಾದಿ, ಯಾರೂ ಇಲ್ಲದವಳು;
ಜಡೆ ಹಾಕಲು ನನ್ನನ್ನೇ ಕೇಳಿದಳು.
ಕೈ ನಡುಗಿತು. ಸಡಿಲವಾಗಿ ಹಾಕಿದೆ.
ಮೂರು ಸುತ್ತು ಬಂದರು ಒಲೆಗೆ.
"ಕ್ರಿಸ್ತನು ಎದ್ದಿದ್ದಾನೆ," ಅಂದರು ಪಾದ್ರಿ.
ಯಾರೂ ಉಸಿರೆತ್ತಲಿಲ್ಲ, ಅಷ್ಟೊಂದು ಸಮಾಧಿಗಳ ನಡುವೆ.
ಆಗ ಒಂದು ದನಿ: "ಆತನ ಪುನರುತ್ಥಾನಕ್ಕೆ ಸ್ತೋತ್ರ."
ನನ್ನದೇ.
ಬಾಯಿಗೆ ಅಭ್ಯಾಸವಷ್ಟೇ ಅಂದುಕೊಂಡೆ.
ಇನ್ನೂ ಹಾಗೇ ಅಂದುಕೊಳ್ಳುತ್ತೇನೆ, ಕೆಲವು ದಿನ.

ಮದುವೆಗೆ ರೊಟ್ಟಿ ಬೇಕಲ್ಲ.
ಹಿಟ್ಟು ಚಾಚಿ, ಬಾಗಿ, ಬಿಸಿಗೆ ಮುಖ ಕೊಟ್ಟು ಬಡಿದೆ.
ಎಣಿಕೆ ಒಂದರಿಂದ ಶುರು ಮಾಡಲಿಲ್ಲ.
ಹದಿನೆಂಟು, ಅಂದೆ.

ಶಿಲುಬೆ ಇನ್ನೂ ಗೋಡೆಗೆ ಏರಿಲ್ಲ;
ಈ ಕಬ್ಬಿಣಕ್ಕೆ ಮೊಳೆ ಇಳಿಯುವುದಿಲ್ಲ.
ಹಾಸಿಗೆಯ ಕೆಳಗೇ ಇದೆ,
ಮುಖ ಮೇಲೆ ಮಾಡಿ ಇಟ್ಟಿದ್ದೇನೆ.